ತಳ ನೋಡುವ ಯಾಕೂಬಸಾಬ

ಆಳಂದದ ಬಜಾರಿನಲ್ಲಿ ಪಾತ್ರೆ ಮಾರುವ ಜಗದೇವಪ್ಪನ ಬಾಂಡೆ ಅಂಗಡಿ ಗೊತ್ತಿಲ್ಲದವರಿಲ್ಲ. ಆ ಅಂಗಡಿಯ ಕಟ್ಟೆಯ ಎಡಮೂಲೆಯಲ್ಲಿ ಒಂದು ಗೋಣಿತಟ್ಟು, ಅದರ ಮೇಲೊಂದು ಮರದ ದಿಮ್ಮಿ, ದಿಮ್ಮಿಯ ಮುಂದೆ ಯಾಕೂಬಸಾಬ. ಒಂದು ಕೈಯಲ್ಲಿ ಬೆರಳುದ್ದದ ಉಳಿ, ಇನ್ನೊಂದು ಕೈಯಲ್ಲಿ ಅಡಿಕೆ ಒಡೆಯುವುದಕ್ಕೂ ಸಾಲದಷ್ಟು ಸಣ್ಣ ಸುತ್ತಿಗೆ. ಬಾಂಡೆಗಳ ಮೇಲೆ ಹೆಸರು ಹೊಡೆಯುವುದು ಅವನ ಕಸುಬು. ಅವನಪ್ಪ ಪೀರಸಾಬನೂ ಅದೇ ಕಟ್ಟೆಯ ಮೇಲೆ ಅದೇ ಕಸುಬು ಮಾಡಿ, ಬೆನ್ನು ಬಾಗಿಸಿಕೊಂಡು ತೀರಿಹೋಗಿದ್ದ.

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನಲ್ಲಿ ಎಲ್ಲಿ ಬೇಕಾದರೂ ಹೋಗಿ ನೋಡಿ, ಹೆಸರಿಲ್ಲದ ಬಾಂಡೆಯನ್ನು ಯಾರೂ ಮದುವೆಯ ಉಡುಗೊರೆಯಾಗಿ ಆಯೇರಿ ಮಾಡುವುದಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಕೇಳಿದ್ದೇವೆ. ಇಲ್ಲಿ ಅದು ಓಣಿಗೆಲ್ಲ ಗೊತ್ತಾಗಬೇಕು, ಮೊಮ್ಮಕ್ಕಳ ಕಾಲಕ್ಕೂ ಗೊತ್ತಿರಬೇಕು. ನೆಲೋಗಿಯ ಒಬ್ಬ ಮಹಾನುಭಾವ ತಂಗಿಯ ಮದುವೆಗೆಂದು ಒಂದೇ ಒಂದು ಸ್ಟೀಲಿನ ಚಮಚ ಕೊಂಡು, ಅದರ ಮೇಲೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ತಾಲೂಕು ಮತ್ತು ಮದುವೆಯ ತಾರೀಖು ಇಷ್ಟೂ ಬರಬೇಕೆಂದು ಹಟ ಹಿಡಿದು ಕೂತ.

"ಚಮಚಾ ಸಾಲಂಗಿಲ್ರಿ, ಒಂದು ಕೊಡಾ ತಗೋರಿ," ಎಂದ ಯಾಕೂಬಸಾಬ.

"ಅಕ್ಷರಾ ಸಣ್ಣಾಗಿ ಹೊಡಿ. ಕೊಡಾ ತಗೋಳಾಕ ನನಗೇನು ಹುಚ್ಚು ಹಿಡದದೇನು?" ಎಂದ ಮಹಾನುಭಾವ.

ಹೆಸರು ಹೊಡೆಯುವುದಕ್ಕೆ ಪೀರಸಾಬ ಒಂದು ಕಟ್ಟಳೆ ಹಾಕಿಕೊಟ್ಟಿದ್ದ. ಕೊನೆಯ ಅಕ್ಷರದ ಪಕ್ಕದಲ್ಲಿ ಮೂರು ಚುಕ್ಕಿ ಇಡಬೇಕು, ಒಲೆಯ ಮೂರು ಗುಂಡು ಇಟ್ಟ ಹಾಗೆ. ಅದು ಆ ಮನೆತನದ ಕೈಗುರುತು. ಆಮೇಲೆ ಹೊಡೆದ ಹೆಸರಿನ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಮೂರು ಸಲ ಓದಬೇಕು. ಬಾಂಡೆ ಯಾರದೋ ಅವರು ಕೇಳಿ 'ಕಬೂಲ್' ಅನ್ನಬೇಕು. ಲಿಂಗವಂತರಿರಲಿ, ಸಾಬರಿರಲಿ, 'ಕಬೂಲ್' ಎಂದ ಮೇಲೆಯೇ ಬಾಂಡೆ ಚೀಲ ಸೇರುವುದು. ಓದದೆ ಕೊಟ್ಟ ಹೆಸರು ಅರ್ಧ ಬೆಂದ ರೊಟ್ಟಿ ಎಂದು ಪೀರಸಾಬ ಹೇಳುತ್ತಿದ್ದ. ಹೀಗಾಗಿ ಯಾಕೂಬಸಾಬನಿಗೆ ಒಂದು ಚಟ ಅಂಟಿಬಿಟ್ಟಿತ್ತು. ಕೆತ್ತಿದ ಅಕ್ಷರದ ಮೇಲೆ ಬೆರಳು ಬಿತ್ತೋ, ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಕನ್ನಡ, ಮರಾಠಿ, ಉರ್ದು ಯಾವುದಿದ್ದರೂ ಸರಿ, ಬೆರಳು ಮುಂದೆ, ಬಾಯಿ ಹಿಂದೆ.

ಇನ್ನೊಂದು ಚಟವೂ ಇತ್ತು. ಯಾರ ಮನೆಗೆ ಹೋದರೂ ಚಹಾ ಕುಡಿಯುವ ಮೊದಲು ಬಸಿ ಎತ್ತಿ ತಳ ನೋಡುವುದು. ನೀರು ಕೊಟ್ಟರೆ ಚರಿಗೆಯ ತಳ, ಊಟಕ್ಕೆ ಕೂಡಿಸಿದರೆ ತಾಟಿನ ತಳ. ಅವನ ಹೆಂಡತಿ ಖಾಸೀಂಬಿ ನೆರೆಯವರ ಮುಂದೆ ಹಣೆ ಚಚ್ಚಿಕೊಳ್ಳುತ್ತಿದ್ದಳು. "ನಿಕಾಹದ ದಿನಾ ಶರಬತ್ತಿನ ಗ್ಲಾಸಿನ ತಳಾ ನೋಡಿದ್ರು. ನನ್ನ ಮಾರಿ ನೋಡಿದ್ದು ಮೂರು ದಿನಾ ಬಿಟ್ಟು."

ಈ ತಳ ನೋಡುವ ಚಟಕ್ಕೆ ವಿದ್ಯೆಯ ಪಟ್ಟ ಬಂದದ್ದು ಎಪ್ಪತ್ನಾಲ್ಕರ ಸುಮಾರಿಗೆ. ಹೈದರಾಬಾದಿನಿಂದ ಹಳೆಯ ಸಾಮಾನು ಕೊಳ್ಳುವ ಒಬ್ಬ ಸೇಠ ಈ ಕಡೆ ಬಂದ. ನಿಜಾಮನ ಕಾಲದ ದೊಡ್ಡ ದೊಡ್ಡ ವಾಡೆಗಳು ಆಗ ಒಂದೊಂದಾಗಿ ಮಾಳಿಗೆ ಕಳಚಿಕೊಳ್ಳುತ್ತಿದ್ದವು. ಅವುಗಳ ಒಳಗಿನ ಚೀನಿ ತಾಟು, ಚೀನಿ ಬರಣಿ, ಹೂಜಿಗಳ ಮೇಲೆ ಅವನ ಕಣ್ಣು. ಯಾವ ಮನೆಯಲ್ಲಿ ಯಾವ ಬಾಂಡೆ ಇದೆ ಎಂಬುದು ಯಾಕೂಬಸಾಬನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಸೇಠ ಅವನನ್ನು ಜೀಪಿನಲ್ಲಿ ಕೂಡಿಸಿಕೊಂಡು ಎರಡು ಬೇಸಗೆ ತಿರುಗಿಸಿದ.

ಯಾಕೂಬಸಾಬ ಕಲಿತ. ತಾಟಿನ ತಳದಲ್ಲಿ ಬಳೆಯಂಥ ಒಂದು ಏಣು ಇರುತ್ತದೆ, ಅದರ ಮೇಲೆ ಹೊಳಪು ಇರುವುದಿಲ್ಲ. ಅಲ್ಲಿ ಬೆರಳು ಆಡಿಸಬೇಕು. ಚುರುಕ್ಕೆಂದು ಕೆರೆದರೆ ಮೊನ್ನೆಯದು. ನೂರು ಕೈ ದಾಟಿ ಸವೆದು, ಕೊಳೆ ಒಳಗೇ ಇಳಿದಿದ್ದರೆ ಹಳೆಯದು. ನಡುವೆ ನೀಲಿ ಬಣ್ಣದಲ್ಲಿ ಆರು ಚೀನಿ ಅಕ್ಷರ, ಎರಡು ಸಾಲಿನಲ್ಲಿ ಮೂರು ಮೂರು ಇದ್ದರೆ, ಅದು ಯಾವ ದೊರೆಯ ಕಾಲದ್ದು ಎಂದು ಬರೆದದ್ದು. ಕೆಲವದರ ಮೇಲೆ ಅಕ್ಷರದ ಬದಲು ಚೌಕ ಮೊಹರು. ಇಂಗ್ಲಿಷಿನಲ್ಲಿ 'ಚೈನಾ' ಎಂದಿದ್ದರೆ ಅಜ್ಜನ ಕಾಲ ದಾಟುವುದಿಲ್ಲ; 'ಮೇಡ್ ಇನ್ ಚೈನಾ' ಎಂದಿದ್ದರೆ ಅಪ್ಪನ ಕಾಲ. ಒಂದು ದೊಡ್ಡ ತಾಟಿನ ತಳದಲ್ಲಂತೂ ಚುಕ್ಕಿ ಚುಕ್ಕಿಯಾಗಿ ಕೊರೆದ ಫಾರ್ಸಿ ಹೆಸರಿತ್ತು. ಬಾದಶಹರ ಉಗ್ರಾಣದವರು ಹೀಗೆ ಗುರುತು ಹಾಕುತ್ತಿದ್ದರು ಎಂದ ಸೇಠ. ಸಿಗರೇಟಿನ ಪಾಕೀಟು ಬಿಚ್ಚಿ, ಅದರ ಒಳಮೈ ಮೇಲೆ ಯಾಕೂಬಸಾಬ ಎಲ್ಲ ಗುರುತನ್ನೂ ಪೆನ್ಸಿಲಿನಿಂದ ಇಳಿಸಿಕೊಂಡ.

ಒಂದೇ ಸಂಗತಿ ಅವನಿಗೆ ಬಗೆಹರಿಯಲಿಲ್ಲ. ಐನೂರು ವರ್ಷದ ಹಿಂದಿನ ಒಬ್ಬ ದೊರೆಯ ಆರಕ್ಷರ ಹಳೆಯ ತಾಟಿನ ಮೇಲೂ ಇರುತ್ತಿತ್ತು, ಏಣು ಇನ್ನೂ ಸವೆಯದ ತಾಟಿನ ಮೇಲೂ ಇರುತ್ತಿತ್ತು. ಕೇಳಿದರೆ ಸೇಠ, "ಅದು ನಕಲಿ, ಮೋಸ," ಎಂದು ಕೈ ಕೊಡವಿದ. ಯಾಕೂಬಸಾಬ ಎರಡು ದಿನ ಯೋಚಿಸಿ ಮೂರನೆಯ ದಿನ ಜೀಪಿನಲ್ಲಿ ಹೇಳಿದ:

"ಮೋಸ ಅಲ್ರಿ ಸೇಠ್. ನಮ್ಮ ಕಡೆ ಅಪ್ಪ ಸತ್ತು ಹತ್ತು ವರ್ಷ ಆದಮ್ಯಾಲೆ ಮಗಾ ಮಠಕ್ಕ ಹೊಸಾ ಹಂಡೆ ಕೊಡ್ತಾನ. ಹಂಡೇದ ಮ್ಯಾಲೆ ಅಪ್ಪನ ಹೆಸರು ಹೊಡಸ್ತಾನ, ಸ್ಮರಣಾರ್ಥ ಅಂತ. ಹಂಡೆ ಅಪ್ಪನ ಕಾಲದ್ದೇನು? ಚೀನಾದವರೂ ಹಿರೇರನ್ನ ನೆನಸ್ಯಾರ. ತಳದಾಗಿನ ಹೆಸರು ಯಾರನ್ನ ನೆನಸ್ಯಾರ ಅಂತ ಹೇಳ್ತದ. ವಯಸ್ಸು ಹೇಳೂದು ಏಣು."

ಸೇಠ ಜೀಪು ನಿಲ್ಲಿಸಿ ನಗತೊಡಗಿದ. ಪುಸ್ತಕ ಓದಿದವರಿಗೆ ಹೊಳೆಯದ್ದು ಹೆಸರು ಹೊಡೆಯುವವನಿಗೆ ಹೊಳೆದಿತ್ತು.

ಸೇಠ ಹೋದ, ಯಾಕೂಬಸಾಬನ ಕೀರ್ತಿ ಉಳಿಯಿತು. ಮೂರು ತಾಲೂಕಿನ ಮಂದಿ ಮನೆಯ ಪಿಂಗಾಣಿಯನ್ನೆಲ್ಲ ಕೌದಿಯಲ್ಲಿ ಸುತ್ತಿಕೊಂಡು ಆಳಂದಕ್ಕೆ ಬಂದರು. ಉಪ್ಪಿನಕಾಯಿ ಬರಣಿ ಬಂದವು, ಖಾನಾವಳಿಯಿಂದ ಕಾಲು ಬಂದು ನಡೆದುಬಂದ ಬಸಿಗಳು ಬಂದವು, ರೈಲ್ವೆಯ ಕಪ್ಪು ಬಂದವು. ಎಲ್ಲರಿಗೂ ಬೇಕಾದದ್ದು ಒಂದೇ, ತಮ್ಮ ಮನೆತನ ಎಷ್ಟು ಹಳೆಯದು ಎಂಬ ಮಾತು. ಇಲ್ಲಿ ನಮ್ಮ ಯಾಕೂಬಸಾಬ ಕಲಿತ ವಿದ್ಯೆಗೆ ಸ್ವಲ್ಪ ಬೆಲ್ಲ ಬೆರೆಸಿದ. ಎರಡಂತಸ್ತಿನ ವಾಡೆಯವರ ಬಸಿ ಮುನ್ನೂರು ವರ್ಷ ದಾಟಿತು, ಒಂದಂತಸ್ತಿನವರದು ಇನ್ನೂರಕ್ಕೆ ನಿಂತಿತು, ಬಾಡಿಗೆ ಮನೆಯವರದು ಮಾತ್ರ ನಿಜವಾದ ವಯಸ್ಸಿನದೇ ಆಗಿರುತ್ತಿತ್ತು.

ಇಜೇರಿಯ ಒಂದು ದೊಡ್ಡ ಮನೆಯಲ್ಲಿ ನಡೆದದ್ದನ್ನು ಹೇಳದಿದ್ದರೆ ಈ ಮಾತು ಪೂರ್ತಿಯಾಗದು. ಆ ಮನೆಯ ಹಿರಿಯರು ಹಿಂದೆಂದೋ ಪರಂಗಿ ಸಾಹೇಬರ ಸಾಮಾನಿನ ಹರಾಜಿನಲ್ಲಿ ಒಂದು ಅಗಲ ಬಾಯಿಯ, ಒಂದೇ ಹಿಡಿಯ, ಗುಲಾಬಿ ಹೂವಿನ ಚಿತ್ರದ ಪಿಂಗಾಣಿ ಪಾತ್ರೆ ಹಿಡಿದಿದ್ದರು. ಹಬ್ಬದ ಪಂಕ್ತಿಯಲ್ಲಿ ಅದರೊಳಗೆ ಮೊಸರು ಬರುತ್ತಿತ್ತು. ಯಾಕೂಬಸಾಬನನ್ನೂ ಊಟಕ್ಕೆ ಕರೆದು, ಪಾತ್ರೆ ಮುಂದೆ ಹಿಡಿದರು. ಹೈದರಾಬಾದಿನಲ್ಲಿ ಸೇಠನ ಗೋದಾಮಿನಲ್ಲಿ ಅಂಥ ಪಾತ್ರೆಗಳು ಸಾಲಾಗಿ ಇದ್ದುದನ್ನು ಅವನು ಕಂಡಿದ್ದ. ಸಾಹೇಬರು ರಾತ್ರಿ ಹೊರಗೆ ಹೋಗಲು ಬೇಸರವಾದಾಗ ಮಂಚದ ಕೆಳಗಿನಿಂದ ಎಳೆದುಕೊಳ್ಳುತ್ತಿದ್ದ ಪಾತ್ರೆ ಅದು.

"ಮೊಸರು ಬ್ಯಾಡ್ರಿ, ನೆಗಡಿ ಆಗ್ಯಾದ," ಎಂದ ಯಾಕೂಬಸಾಬ.

"ಪಾತ್ರೆ ಯಾರದ್ದು ಹೇಳ್ರಿ ಮತ್ತ?" ಎಂದರು ಮನೆಯವರು.

"ಭಾಳ ದೊಡ್ಡ ಸಾಹೇಬರದ್ದು. ಕಣ್ಣು ಬಿಟ್ಟ ಕೂಡಲೆ ಅವರಿಗೆ ಇದೇ ಬೇಕಾಗ್ತಿತ್ತು."

ಮನೆಯವರ ಎದೆ ಉಬ್ಬಿತು. ಯಾಕೂಬಸಾಬ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನ ಕೈ ಅಷ್ಟು ಪಳಗಿತ್ತು, ಮತ್ತು ಆ ಪಳಗಿದ ಕೈಯ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯಿತ್ತು.

ಅವನ ಓಣಿಯಲ್ಲೇ, ನಾಲ್ಕು ಮನೆ ದಾಟಿದರೆ, ಫಕ್ರುನ್ನಿಸಾ ಎಂಬ ಮುದುಕಿ ಇದ್ದಳು. ಗಂಡ ತೀರಿ ಬಹಳ ವರ್ಷವಾಗಿತ್ತು. ಓಣಿಯವರ ಹಳೆಯ ಸೀರೆ ಕೂಡಿಸಿ ಕೌದಿ ಹೊಲಿದುಕೊಡುತ್ತ ಬದುಕಿದ್ದಳು. ಒಂದು ಕಾಲಕ್ಕೆ ಕರಜಗಿಯಲ್ಲಿ ಅವಳ ಗಂಡನ ಮನೆಯವರದೂ ದೊಡ್ಡ ಮನೆತನ. ನಲವತ್ತೆಂಟರ ಪೋಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಉಟ್ಟ ಬಟ್ಟೆಯಲ್ಲೇ ಊರು ಬಿಡಬೇಕಾಯಿತು. ಹೋಗುವಾಗ ಮನೆಯ ಸಾಮಾನನ್ನು ನೆರೆಯ ವಾಡೆಯ ಗುರಣ್ಣಗೌಡರ ಕೈಗೆ ಅಮಾನತ ಎಂದು, ನಂಬಿಕೆಯ ಇಡುಗಂಟಾಗಿ, ಒಪ್ಪಿಸಿ ಹೋದರು. ಆರು ತಿಂಗಳ ಮೇಲೆ ಬಂದು ಕೇಳಿದರೆ, ಗೌಡರು ಹಂಡೆ, ಪೆಟ್ಟಿಗೆ, ಮಂಚ ಎಲ್ಲವನ್ನೂ ಪ್ರಾಮಾಣಿಕವಾಗಿ ಎಣಿಸಿಕೊಟ್ಟರು. ಒಂದು ಚೀನಿ ತಾಟು ಮಾತ್ರ ಒಡೆದುಹೋಯಿತು ಎಂದರು.

"ಒಡದಿದ್ರ ಚೂರು ಇರಬೇಕಲ್ಲ? ಒಂದು ಚೂರೂ ತೋರಸಲಿಲ್ಲ," ಎಂದು ಫಕ್ರುನ್ನಿಸಾ ಅಂದಿನಿಂದ ಹೇಳುತ್ತಲೇ ಬಂದಿದ್ದಳು. ತವರಿನವರು ಮದುವೆಯಲ್ಲಿ ಕೊಟ್ಟ ತಾಟು, ನಡುವೆ ಕಮಲ, ಸುತ್ತ ಎರಡು ಮೀನು, ತಳದಲ್ಲಿ ತನ್ನ ಹೆಸರು. ಹೊಡೆದವನು ಪೀರಸಾಬ.

ಓಣಿ ನಂಬಲಿಲ್ಲ. ಕೌದಿ ಹೊಲಿಯುವವಳಿಗೆ ಚೀನಿ ತಾಟೇ? ಅದರ ಮೇಲೆ ಉಳಿಯಲ್ಲಿ ಹೆಸರೇ? ಬರಬರುತ್ತ ಅದೊಂದು ಗಾದೆಯೇ ಆಯಿತು. ಯಾರಾದರೂ ನಮ್ಮ ಮುತ್ಯಾನ ಕಾಲಕ್ಕೆ ಆನೆ ಇತ್ತು ಎಂದರೆ, "ಹೌದಪಾ, ಫಕ್ರುನ್ನಿಸಾನ ತಾಟು!" ಎಂದು ನಗುತ್ತಿದ್ದರು. ಯಾಕೂಬಸಾಬನೂ ನಗುತ್ತಿದ್ದ, ಒಂದು ತೂಕ ಹೆಚ್ಚಾಗಿಯೇ ನಗುತ್ತಿದ್ದ. ಅವನಪ್ಪ ಸಾಯುವ ಮುಂಚೆ ಜ್ವರದಲ್ಲಿ, "ಚೀನಿ ಮ್ಯಾಲೂ ಹೊಡದೇನಿ ಮಗನೆ, ಮೊಳಿ ತುದಿಗಿ ವಜ್ರದ ಕಣಿ ಕಟ್ಟಿ," ಎಂದು ಬಡಬಡಿಸಿದ್ದ. ಬಾದಶಹರ ಉಗ್ರಾಣದವರಿಗೆ ಆದದ್ದು ಆಳಂದದ ಕಟ್ಟೆಯ ಮೇಲೆ ಕೂತ ಪೀರಸಾಬನಿಗೆ ಆದೀತೇ? ಹಿತ್ತಲ ಗಿಡ ಮದ್ದಲ್ಲ. ಜ್ವರದ ಮಾತು ಎಂದು ಮಗ ಅದನ್ನು ಅಪ್ಪನ ಜೊತೆಗೇ ಮಣ್ಣು ಮಾಡಿದ್ದ.

ಎಂಬತ್ತಾರರಲ್ಲಿ ಒಂದು ದಿನ ಕರಜಗಿಯ ಹಣಮಂತರಾಯಗೌಡರು ಅಂಗಡಿಯ ಮುಂದೆ ಕಾರು ನಿಲ್ಲಿಸಿದರು. ಇವರು ಗುರಣ್ಣಗೌಡರ ಮಗ. ಅಪ್ಪ ತೀರಿ ವರ್ಷವಾಗಿತ್ತು. ಕಬ್ಬು ಚೆನ್ನಾಗಿ ಬಂದಿತ್ತು, ಮುಂದಿನ ಚುನಾವಣೆಯೂ ಬರುವುದರಲ್ಲಿತ್ತು. ಕಬ್ಬು ಇದ್ದವರಿಗೆ ಚುನಾವಣೆ ಬೇಕಾಗುತ್ತದೆ, ಚುನಾವಣೆಗೆ ನಿಲ್ಲುವವರಿಗೆ ಇತಿಹಾಸ ಬೇಕಾಗುತ್ತದೆ. ಗೌಡರು ಒಬ್ಬ ಮಾಸ್ತರನನ್ನು ಹಿಡಿದು ತಮ್ಮ ವಂಶದ ವೈಭವದ ಪುಸ್ತಕವೊಂದನ್ನು ಬರೆಸಿದ್ದರು.

"ಯಾಕೂಬಸಾಬ್ರ, ಬರೋ ಸೋಮವಾರ ನಮ್ಮ ವಾಡೇಕ ಬರ್ರಿ," ಎಂದರು. "ಪುಸ್ತಕದ ಬಿಡುಗಡೆ ಇಟ್ಟೇವಿ. ನಮ್ಮ ಮನ್ಯಾಗ ಒಂದು ಚೀನಿ ತಾಟು ಅದ, ಬಾದಶಹ ನಮ್ಮ ಮುತ್ಯಾನ ಮುತ್ಯಾಗ ಕೊಟ್ಟದ್ದು. ಅಪ್ಪ ಇರೂತನಕ ಪೆಟಗ್ಯಾಗ ಇಟ್ಟಿದ್ದ, ಯಾರಿಗೂ ತೋರಸ್ತಿರಲಿಲ್ಲ. ಪ್ರೊಫೆಸರ್ ಸಾಹೇಬ್ರು ಬಂದು ಇಂಗ್ಲೀಷಿನ್ಯಾಗ ಹೇಳ್ತಾರ. ನೀವು ನಮ್ಮ ಮಂದಿಗಿ ತಿಳಿಯೂಹಂಗ ಹೇಳ್ರಿ."

"ಏನಂತ ಹೇಳಬೇಕ್ರಿ ಗೌಡ್ರ?"

"ಐನೂರು ವರ್ಷ ಅಂತ. ಹಿಂದ ಫಾರ್ಸಿ ಬರಹಾನೂ ಅದ. ಬಾದಶಹನ ಕೈಬರಹ ಅಂತ ಅಪ್ಪ ಹೇಳಿದ್ದ."

ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಮುಂದಿನ ತಿಂಗಳು ಗೌಡರು ಐವತ್ತೊಂದು ಜೋಡಿಗಳ ಸಾಮೂಹಿಕ ಮದುವೆ ಮಾಡಿಸುತ್ತಾರೆ. ಜೋಡಿಗೆ ಐದೈದು ಬಾಂಡೆ. ಎಲ್ಲದರ ಮೇಲೂ 'ದಿವಂಗತ ಗುರಣ್ಣಗೌಡರ ಸ್ಮರಣಾರ್ಥ' ಎಂದು ಯಾಕೂಬಸಾಬನೇ ಹೊಡೆಯಬೇಕು. ಆ ಹೊತ್ತಿಗೆ ಗುಲಬರ್ಗಾದ ಅಂಗಡಿಗಳಲ್ಲಿ ಕರೆಂಟಿನ ಪೆನ್ನು ಬಂದು, ಮೂರು ನಿಮಿಷದಲ್ಲಿ ಹೆಸರು ಗೀಚಿಕೊಡುತ್ತಿತ್ತು. ಉಳಿಯ ಮುಂದೆ ಕೂತು ಕಾಯುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಇದು ಎರಡು ತಿಂಗಳ ಅನ್ನ. ಯಾಕೂಬಸಾಬ ಐನೂರು ವರ್ಷಕ್ಕೆ ಅಲ್ಲೇ ಒಪ್ಪಿಕೊಂಡ.

ಸೋಮವಾರ ವಾಡೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಫೋಟೋದವನು. ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಹಿರಿಯರು, ಅವರ ನಡುವೆ ಎಲ್ಲರಿಗಿಂತ ಹಿರಿಯರಾದ ಅಣ್ಣಾರಾಯರು. ನಿಜಾಮನ ಕಾಲದಲ್ಲಿ ಪಟವಾರಿಯಾಗಿ ಊರಿನ ಹೊಲದ ಲೆಕ್ಕವನ್ನೆಲ್ಲ ಉರ್ದುವಿನಲ್ಲಿ ಬರೆದಿಟ್ಟವರು. ವೇದಿಕೆಯ ಮೇಲೆ ಕೆಂಪು ಮಖಮಲ್ಲಿನ ಮೇಲೆ ತಾಟು. ಯಾಕೂಬಸಾಬ ಹತ್ತಿರ ಹೋಗಿ ನೋಡಿದ. ನಡುವೆ ಕಮಲ. ಸುತ್ತ ಎರಡು ಮೀನು.

ಅವನಿಗೆ ಫಕ್ರುನ್ನಿಸಾನ ಮಾತು ನೆನಪಾಯಿತು. ಮೀನು ಬರೆದ ತಾಟು ಜಗತ್ತಿನಲ್ಲಿ ಒಂದೇ ಇರುತ್ತದೆಯೇ ಎಂದು ಸಮಾಧಾನ ಮಾಡಿಕೊಂಡು ಬೆಂಚಿನ ಮೇಲೆ ಕೂತ.

ಗುಲಬರ್ಗಾದಿಂದ ಬಂದಿದ್ದ ನಿವೃತ್ತ ಪ್ರೊಫೆಸರು ತಾಟನ್ನು ಬೋರಲು ಹಾಕಿ, ಕೈಯಲ್ಲಿನ ಇಂಗ್ಲಿಷ್ ಪುಸ್ತಕದ ಚಿತ್ರದೊಡನೆ ಹೋಲಿಸಿ, ನೀಲಿ ಆರಕ್ಷರ ತೋರಿಸಿದರು. ಇದು ಐನೂರು ವರ್ಷದ ಹಿಂದಿನ ಮಿಂಗ್ ವಂಶದ ದೊರೆಯದು, ಸುತ್ತಲಿನ ಚುಕ್ಕಿ ಬರಹ ಬಾದಶಾಹಿ ಉಗ್ರಾಣದ್ದು, ಇಂಥದು ದೆಹಲಿಯ ಕಡೆ ಮಾತ್ರ ಸಿಗುತ್ತದೆ ಎಂದರು. ಚಪ್ಪಾಳೆ ಬಿತ್ತು. "ಆದರೆ ನನಗೆ ಫಾರ್ಸಿ ಬರುವುದಿಲ್ಲ. ಇಲ್ಲಿ ಹಿರಿಯರು ಯಾರಾದರೂ ಓದಬಹುದೇ?" ಎಂದು ಕೇಳಿದರು.

ಈಗ ನೋಡಿ ಚಂದ. ಮುಂದಿನ ಸಾಲಿನಲ್ಲಿ ಕೂತವರೆಲ್ಲ ಉರ್ದು ಶಾಲೆಯಲ್ಲಿ ಅಲಿಫ್ ಬೇ ತಿದ್ದಿ, ಮೌಲ್ವಿಯ ಛಡಿ ತಿಂದು ಬೆಳೆದವರೇ. ತಾಟು ಮೊದಲು ಅಣ್ಣಾರಾಯರ ಕೈಗೆ ಹೋಯಿತು. ಅವರು ನೋಡಿದರು. ತುಟಿ ಒಮ್ಮೆ ಅಲುಗಿತು, ಮುಖದ ಬಣ್ಣ ಹೋಯಿತು.

"ಚಷ್ಮಾ ಮನ್ಯಾಗ ಬಿಟ್ಟು ಬಂದೇನಿ," ಎಂದರು. ಚಷ್ಮಾ ಅವರ ಮೂಗಿನ ಮೇಲೇ ಇತ್ತು.

ಎರಡನೆಯವರು ನೋಡಿ ತಳದಲ್ಲಿ ಧೂಳು ಕೂತಿದೆ ಎಂದರು. ಮೂರನೆಯವರು ಇದು ಹಳೆಯ ಫಾರ್ಸಿ, ನಮ್ಮದು ಬೇರೆ ಎಂದರು. ನಾಲ್ಕನೆಯವರು ನೋಡುವ ಮೊದಲೇ ಮರೆತಿದ್ದರು. ಹೀಗೆ ನಲವತ್ತು ವರ್ಷ ಉರ್ದುವಿನಲ್ಲಿ ದಸ್ತಾವೇಜು ಬರೆದ ಊರು ಐದು ನಿಮಿಷದಲ್ಲಿ ನಿರಕ್ಷರಿಯಾಗಿ, ತಾಟು ಯಾಕೂಬಸಾಬನ ಕೈಗೆ ಬಂತು.

ಅವನು ಐನೂರು ವರ್ಷದ ಮಾತನ್ನು ನಾಲಗೆಯ ತುದಿಯಲ್ಲೇ ಸಿದ್ಧ ಇಟ್ಟುಕೊಂಡಿದ್ದ. ತಾಟು ತಿರುವಿದ. ಏಣಿನ ಮೇಲೆ ಬೆರಳಿಟ್ಟ. ಸವೆದಿತ್ತು, ಆದರೆ ನೂರು ನೂರೈವತ್ತು ವರ್ಷಕ್ಕಿಂತ ಹೆಚ್ಚಿನ ಸವೆತವಲ್ಲ. ಆರಕ್ಷರ ಸ್ಮರಣಾರ್ಥದ್ದು. ಬೆರಳು ಮುಂದೆ ಸರಿದು ಚುಕ್ಕಿಗಳನ್ನು ಮುಟ್ಟಿತು. ಸಾಸಿವೆಯ ಕಾಳಿಗಿಂತ ಸಣ್ಣ ಚುಕ್ಕಿಗಳು, ಒಂದೂ ಸಿಡಿದಿಲ್ಲ, ಒಂದೂ ಸಾಲು ತಪ್ಪಿಲ್ಲ. ಸಾಲಿನ ಕೊನೆಯಲ್ಲಿ ಒಲೆಯ ಗುಂಡಿನ ಹಾಗೆ ಮೂರು.

ಅಪ್ಪನ ಕೈ. ಬಾಯಿ ತಾನಾಗಿ ತೆರೆದುಕೊಂಡಿತು.

"ಫಕ್ರುನ್ನಿಸಾ," ಎಂದು ಯಾಕೂಬಸಾಬ ಗಟ್ಟಿಯಾಗಿ ಓದಿದ. ಮೈಕು ಹತ್ತಿರದಲ್ಲೇ ಇತ್ತು, ಹೆಸರು ಅಂಗಳವನ್ನೆಲ್ಲ ತುಂಬಿತು. ಅಲ್ಲಿಗೆ ಅವನು ತುಟಿ ಕಚ್ಚಿ ಹಿಡಿದ.

ಪ್ರೊಫೆಸರು ಕುರ್ಚಿಯಿಂದ ಎದ್ದೇಬಿಟ್ಟರು. "ಫಕ್ರುನ್ನಿಸಾ! ಬೇಗಮ್ ಇರಬೇಕು! ಯಾವುದೋ ಬಾದಶಹನ ಬೇಗಮ್!"

ಮುಂದಿನ ಸಾಲು ದೊಡ್ಡ ಉಸಿರು ಬಿಟ್ಟಿತು. ಬೇಗಮ್ ಎಂದರೆ ಯಾರಿಗೂ ತೊಂದರೆಯಿಲ್ಲ. ಹಣಮಂತರಾಯಗೌಡರಿಗಂತೂ ನೆಲವೇ ಕಾಣಲಿಲ್ಲ. ಮಾಸ್ತರನನ್ನು ಕರೆದು, ಆ ಬೇಗಮ್ ನಮ್ಮ ಮುತ್ಯಾನ ಮುತ್ಯಾನಿಗೆ ರಾಖಿ ಕಟ್ಟಿದ್ದಳೆಂದು ಇನ್ನೊಂದು ಪುಟ ಸೇರಿಸಲು ಅಲ್ಲೇ ಹೇಳಿದರು. ಫೋಟೋದವನು ಬೆಳಕು ಹೊಡೆದ. ಎಲ್ಲರೂ ಸುಖವಾಗಿದ್ದರು. ಯಾಕೂಬಸಾಬ ಮಾಡಬೇಕಾದದ್ದು ಏನೂ ಇರಲಿಲ್ಲ, ಸುಮ್ಮನೆ ನಿಂತರೆ ಸಾಕಿತ್ತು.

ಆದರೆ ಬಿಸಿ ತುಪ್ಪ ಬಾಯಲ್ಲಿತ್ತು. ಐವತ್ತೊಂದು ಜೋಡಿ ಬಾಂಡೆ ಕಣ್ಣ ಮುಂದೆ ಬಂದವು. ಅವುಗಳ ಹಿಂದೆಯೇ ಜ್ವರದಲ್ಲಿ ಬಿದ್ದ ಅಪ್ಪ ಬಂದ, ತಾನು ಅವನ ಬಾಯಿಗೆ ನೀರು ಬಿಡುತ್ತ "ಹೌದು ಹೌದು" ಎಂದು ಸಂತೈಸಿದ್ದು ನೆನಪಾಯಿತು. ಓಣಿಯ ನಗು ನೆನಪಾಯಿತು, ಆ ನಗುವಿನಲ್ಲಿ ತನ್ನದೇ ದನಿ ಕೇಳಿಸಿತು. ಅವನಿಗೆ ಹೇಸಿಗೆಯಾಯಿತು, ಮೂವತ್ತು ವರ್ಷ ಊರವರ ತಳ ನೋಡಿದವನು ಈ ಹೊತ್ತು ತನ್ನ ತಳವನ್ನೇ ಕಂಡಿದ್ದ.

"ಇನ್ನಾ ಓದೂದು ಅದರಿ," ಎಂದ. ಬೆರಳು ಮತ್ತೆ ಇಟ್ಟ. "ಫಕ್ರುನ್ನಿಸಾ. ಜಹೇಜ್. ಫಸಲಿ ಸನ್ ಹದಿಮೂರುನೂರಾ ನಲವತ್ತಾರು."

ಹಿರಿಯರ ಬೆರಳುಗಳು ಎಣಿಸತೊಡಗಿದವು. ಫಸಲಿ ಎಂದರೆ ನಿಜಾಮನ ಸರಕಾರದ ಸನ್, ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ ಎಂಬುದು ಮುಂದಿನ ಸಾಲಿನ ಒಬ್ಬೊಬ್ಬರಿಗೂ ಬೆರಳ ಮೇಲಿನ ಲೆಕ್ಕ.

"ಈ ಹೆಸರು ಹೊಡದು ಬರೇ ಐವತ್ತು ವರ್ಷ ಆತ್ರಿ," ಎಂದ ಯಾಕೂಬಸಾಬ. "ಈ ಬೇಗಮ್ ಇನ್ನಾ ಸತ್ತಿಲ್ಲ. ಆಳಂದದಾಗ ನಮ್ಮ ಓಣ್ಯಾಗ ಕೌದಿ ಹೊಲೀತಾಳ. ಹೆಸರು ಹೊಡದಾಂವ ನಮ್ಮಪ್ಪ ಪೀರಸಾಬ. ಇದು ಆಕಿ ಮದುವೀ ತಾಟು. ಈ ವಾಡೇದಾಗ ಅಮಾನತ ಇಟ್ಟಿದ್ದಳು."

"ಮತ್ತೆ ಈ ಆರಕ್ಷರ? ದೊರೆಯ ಹೆಸರು?" ಪ್ರೊಫೆಸರು ಪುಸ್ತಕವನ್ನು ಎದೆಗವಚಿಕೊಂಡು ಕೇಳಿದರು.

"ಸ್ಮರಣಾರ್ಥರಿ ಸಾಹೇಬ್ರ. ಬರೋ ತಿಂಗಳು ನಮ್ಮ ಗೌಡ್ರು ಹೊಸಾ ಬಾಂಡೇದ ಮ್ಯಾಲೆ ಅಪ್ಪಾರ ಹೆಸರು ಹೊಡಸಾಕತ್ತಾರ. ಐನೂರು ವರ್ಷ ಬಿಟ್ಟು ನಿಮ್ಮಂಥಾವ್ರು ಯಾರರೆ ಬಂದು ಅದನ್ನ ನೋಡಿ ಗುರಣ್ಣಗೌಡ್ರು ಇದ್ದಾಗಿನ ಬಾಂಡೆ ಅಂದ್ರ ಖರೇ ಆಗ್ತದೇನು?"

ಆಗ ಅಣ್ಣಾರಾಯರು ಮೂಗಿನ ಮೇಲಿನ ಚಷ್ಮಾ ತೆಗೆದು, ಧೋತರದ ತುದಿಯಲ್ಲಿ ಒರೆಸಿ, ಮತ್ತೆ ಏರಿಸಿಕೊಂಡರು. "ಹೌದು. ಫಕ್ರುನ್ನಿಸಾನೇ," ಎಂದರು. "ನಾನೂ ಓದಿದ್ದೆ."

ಒಬ್ಬರಿಗೆ ಬಂದ ಮೇಲೆ ಎಲ್ಲರಿಗೂ ಉರ್ದು ಮರಳಿ ಬಂತು. ಧೂಳು ಎಂದವರು, ಹಳೆಯ ಫಾರ್ಸಿ ಎಂದವರು ಎಲ್ಲ ತಾಟಿಗೆ ಮುಗಿಬಿದ್ದು, ಜಹೇಜ್ ಎಂದರೆ ತವರಿನವರು ಕೊಟ್ಟ ಬಳುವಳಿ ಎಂದು ಪ್ರೊಫೆಸರಿಗೆ ಪಾಠ ಹೇಳತೊಡಗಿದರು.

ಹಣಮಂತರಾಯಗೌಡರು ಕುಸಿದು ಕೂತಿದ್ದರು. ಪಾಪ, ಅವರು ನಿಜವಾಗಿಯೂ ಬಾದಶಹನನ್ನು ನಂಬಿದ್ದರು. "ಅಪ್ಪ ನನ್ನ ಮುಂದೂ ಸುಳ್ಳು ಹೇಳಿದನೇನು?" ಎಂದು ಯಾರನ್ನೂ ನೋಡದೆ ಕೇಳಿದರು. ಆ ಗಳಿಗೆಯಲ್ಲಿ ಅವರ ಮುಖ ನೋಡಿ ಯಾಕೂಬಸಾಬನಿಗೂ ಮರುಕ ಬಂತು. ಅಪ್ಪನ ಮಾತು ನಂಬಿ ಕೆಟ್ಟವನೊಬ್ಬ, ನಂಬದೆ ಕೆಟ್ಟವನೊಬ್ಬ, ಇಬ್ಬರೂ ಒಂದೇ ತಾಟಿನ ಎರಡು ಬದಿಗೆ ನಿಂತಿದ್ದರು.

ಆದರೆ ಚುನಾವಣೆಗೆ ನಿಲ್ಲುವವರು ಬಹಳ ಹೊತ್ತು ಕುಸಿದಿರುವುದಿಲ್ಲ. ಕಾಲು ಗಂಟೆಯಲ್ಲಿ ಗೌಡರು ಮೈಕಿನ ಮುಂದೆ ಇದ್ದರು. ತಮ್ಮ ತಂದೆ ನೆರೆಯ ಹೆಣ್ಣುಮಗಳ ಅಮಾನತನ್ನು ಮೂವತ್ತೆಂಟು ವರ್ಷ ಒಂದು ಬಿರುಕೂ ಬೀಳದ ಹಾಗೆ ಕಾಪಾಡಿದರೆಂದೂ, ಅದನ್ನು ಒಪ್ಪಿಸುವ ಪುಣ್ಯ ತಮ್ಮ ಪಾಲಿಗೆ ಬಂದಿದೆಯೆಂದೂ ಗದ್ಗದಿತರಾಗಿ ಸಾರಿದರು. ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿ ಬಿತ್ತು. ಪುಸ್ತಕದಲ್ಲಿ ಬಾದಶಹನ ಪುಟ ಹರಿದು ಅಮಾನತದ ಪುಟ ಸೇರಿತು. ಐವತ್ತೊಂದು ಜೋಡಿಯ ಬಾಂಡೆ ಮಾತ್ರ ಗುಲಬರ್ಗಾದ ಕರೆಂಟಿನ ಪೆನ್ನಿಗೆ ಹೋದವು.

ಮೂರನೆಯ ದಿನ ಗೌಡರ ಕಾರು ಆಳಂದದ ಓಣಿಗೆ ಬಂತು, ಹಾರ, ಶಾಲು ಮತ್ತು ಫೋಟೋದವನ ಸಮೇತ. ಫಕ್ರುನ್ನಿಸಾ ಹೊಸ್ತಿಲ ಮೇಲೆ ಕೌದಿ ಹರಡಿಕೊಂಡು ಕೂತಿದ್ದಳು. ಗೌಡರು ರೇಷ್ಮೆ ಬಟ್ಟೆ ಬಿಚ್ಚಿ ತಾಟನ್ನು ಎರಡೂ ಕೈಯಲ್ಲಿ ಚಾಚಿ, ಫೋಟೋದವನ ಕಡೆ ಮುಖ ಮಾಡಿ, "ಅಮ್ಮಾ, ನಿಮ್ಮ ಅಮಾನತ," ಎಂದರು.

ಮುದುಕಿ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, ತಾಟನ್ನು ತಿರುವಿ ನೋಡಿ, ಗೌಡರ ಮುಖ ನೋಡಿದಳು.

"ಒಡದದ ಅಂದಿದ್ರು ನಿಮ್ಮಪ್ಪ. ಛಲೋ ಕೂಡಸೀರಿ, ಗೊತ್ತೇ ಆಗವಲ್ದು," ಎಂದಳು.

ಗೌಡರು ಹಾರವನ್ನು ಯಾರ ಕೊರಳಿಗೆ ಹಾಕಬೇಕೆಂದು ತಿಳಿಯದೆ ಬಾಗಿಲ ಚಿಲಕಕ್ಕೆ ಹಾಕಿ ಹೊರಟುಹೋದರು. ತಾಟು ಮುಟ್ಟಿ ನೋಡಲು ಓಣಿಗೆ ಓಣಿಯೇ ನೆರೆಯಿತು. ಗಾದೆ ಹೇಳಿ ನಕ್ಕವರೆಲ್ಲ ತಾವು ಮೊದಲಿನಿಂದಲೂ ನಂಬಿದ್ದೆವು ಎಂದು ಹೇಳಿ ಹೋದರು. ಮುದುಕಿ ಎಲ್ಲರನ್ನೂ ಕಳಿಸಿ, ಗೋಡೆಯ ಮೂಲೆಯಲ್ಲಿ ನಿಂತಿದ್ದ ಯಾಕೂಬಸಾಬನನ್ನು ಕರೆದಳು.

"ಓದು," ಎಂದಳು.

"ಬಡೀಮಾ, ನಾನೂ ನಕ್ಕಿದ್ದೆ."

"ಗೊತ್ತದ. ನಿನ್ನ ನಗಿ ಎಲ್ಲಾರಕಿಂತ ಜೋರ್ ಕೇಳಸ್ತಿತ್ತು. ನನ್ನನ್ನ ನಕ್ಕಿದ್ದಕ್ಕ ನನಗೇನಿಲ್ಲ. ನಿಮ್ಮಪ್ಪನ್ನ, ಆ ಮನಿಷ್ಯಾನ್ನ ನಕ್ಕಿ ನೋಡು, ಅದು ಸಂಕಟ ಆಗ್ತಿತ್ತು." ಅವಳು ತಾಟನ್ನು ಅವನ ಮಡಿಲಿಗೆ ಇಟ್ಟಳು. "ನಿಮ್ಮಪ್ಪ ಪರದೇದ ಆ ಕಡೆ ಕುಂತು ಎರಡು ಸಲ ಓದಿದ್ದ. ಮೂರನೇದು ಓದೂದ್ರಾಗ ಬೀಗರು ಅವಸರಾ ಮಾಡಿದ್ರು, ನನ್ನ ಎಬ್ಬಿಸಿಕೊಂಡು ಹೋದ್ರು. ಕಬೂಲ್ ಅನ್ನಾಕ ಆಗಲಿಲ್ಲ. ಅದಕ್ಕ ಅದು ನನ್ನ ಕೈಯಾಗ ನಿಲ್ಲಲಿಲ್ಲ ಅಂತ ಇಷ್ಟು ವರ್ಷ ಅನ್ನಕೋತ ಬಂದೇನಿ. ಓದು."

ಯಾಕೂಬಸಾಬ ಬೆರಳಿಟ್ಟ. ಈ ಸಲ ಬಾಯಿ ತಾನಾಗಿ ತೆರೆಯಲಿಲ್ಲ. ಎರಡು ಸಲ ಕೆಮ್ಮಿ, ಅಪ್ಪ ಓದುತ್ತಿದ್ದ ಹಾಗೆಯೇ ನಿಧಾನವಾಗಿ, ಹೆಸರು, ಜಹೇಜ್, ಸನ್ ಓದಿದ. ಕೊನೆಯ ಮೂರು ಚುಕ್ಕಿಯ ಮೇಲೆ ಬೆರಳು ಬಂದಾಗ ಕಣ್ಣೀರು ಏಣಿನ ಮೇಲೆ ಬಿತ್ತು. ಅವನು ಅದನ್ನು ಅಂಗಿಯ ತೋಳಿನಿಂದ ಒರೆಸಿದ.

"ಕಬೂಲ್," ಎಂದಳು ಫಕ್ರುನ್ನಿಸಾ.

ಒಳಗೆ ಹೋಗಿ ಬುಟ್ಟಿ ತಂದಳು. ತಾಟನ್ನು ಅವನ ಕೈಯಿಂದ ತೆಗೆದುಕೊಂಡು, ಮೀನು ಮೇಲೆ ಬರುವ ಹಾಗೆ ಇಟ್ಟು, ಅದರೊಳಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಹಾಕಿ ಅವನ ಮುಂದೆ ಸರಿಸಿದಳು. ಯಾಕೂಬಸಾಬನ ಕೈ ಹಳೆಯ ಚಟದಂತೆ ತಾಟಿನ ಅಂಚಿಗೆ ಹೋಯಿತು.

"ಉಣ್ಣು ಮೊದಲ," ಎಂದಳು ಮುದುಕಿ. "ತಳಾ ಆಮ್ಯಾಲೆ ನೋಡೀಯಂತ."